ಸಿಂಚನ ಕಳಿಸಿದ ಹೆಂಗಸು

ಇಂಥದ್ದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಮರ್ಯಾದೆಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ನಂಬುತ್ತಿರಲಿಲ್ಲ. ಮಲ್ಲಂದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರ್ ಆಗಿದ್ದವನು ನಾನು. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು, ಯಾವ ಕಡೆ ಏನು ಕೆಲಸ ಎಂದು ಮೇಸ್ತ್ರಿಗಳಿಗೆ ಹೇಳಿ, ಸಂಜೆ ಸಾಹುಕಾರರಿಗೆ ವರದಿ ಒಪ್ಪಿಸುವವನು. ತೋಟದಲ್ಲಿ ದೆವ್ವ ಭೂತದ ಕಥೆಗಳಿಗೆ ಯಾವತ್ತೂ ಬರವಿಲ್ಲ. ಒಂದು ವರ್ಷ ಹಳ್ಳದ ಬದಿಯಲ್ಲಿ ಹಣ್ಣು ಕೊಯ್ಯಲು ಹೆಂಗಸರು ಇಳಿಯುವುದೇ ಇಲ್ಲವೆಂದು ಕೂತುಬಿಟ್ಟರು. ಅಲ್ಲಿ ಯಾರೋ ಕೆಮ್ಮುತ್ತಾರಂತೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲವಂತೆ. ನಾನು ಹೋಗಿ ಅರ್ಧ ದಿನ ಒಬ್ಬನೇ ಕೂತೆ. ಕೆಮ್ಮುತ್ತಿದ್ದದ್ದು ಒಂದು ಕಾಡುಕುರಿ. ಅಂದಿನಿಂದ ಆಳುಗಳು ನನ್ನ ಮುಂದೆ ಇಂಥ ಮಾತು ಎತ್ತುವುದನ್ನೇ ಬಿಟ್ಟರು.

ಅಂಥವನಿಗೇ, ಕೆಲವು ವರ್ಷಗಳ ಹಿಂದೆ, ಚಿಕ್ಕಮಗಳೂರಿನ ಒಂದು ಆಸ್ಪತ್ರೆಯಲ್ಲಿ, ಹಾಡಹಗಲಲ್ಲಿ ಒಂದು ಅನುಭವವಾಯಿತು. ನಿಮ್ಮನ್ನು ನಂಬಿಸಬೇಕೆಂಬ ಹಟ ನನಗಿಲ್ಲ. ವಾದ ಮಾಡುವಷ್ಟು ತ್ರಾಣವೂ ಉಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಸಕ್ಕರೆ ಕಾಯಿಲೆ ಮೊದಲೇ ಇತ್ತು. ಆಮೇಲೆ ಬಿ.ಪಿ. ಸೇರಿಕೊಂಡಿತು. ಕೊನೆಗೆ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದು ಡಾಕ್ಟರು ಹೇಳಿದಾಗ, ಎಷ್ಟು ವಾರ ಎಂದು ಕೇಳಿದೆ. ಅವರು ನನ್ನ ಹೆಂಡತಿ ಶಾರದಳ ಮುಖ ನೋಡಿದರು. ನನಗೆ ಅರ್ಥವಾಯಿತು.

ಅನುಭವಿಸದವರಿಗೆ ಈ ಸುಸ್ತನ್ನು ಹೇಗೆ ಹೇಳಲಿ? ತೋಟದಲ್ಲಿ ದಿನವಿಡೀ ಗುಡ್ಡ ಹತ್ತಿ ಇಳಿದರೂ ಆಗುತ್ತಿದ್ದ ಸುಸ್ತು ಒಂದು ನಿದ್ದೆಯಲ್ಲಿ ಕಳೆಯುತ್ತಿತ್ತು. ಇದು ಹಾಗಲ್ಲ. ಬೆಳಿಗ್ಗೆ ಬಸ್ಸು ಹತ್ತಬೇಕು, ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಮಲಗಬೇಕು, ಮೈಯ ರಕ್ತವೆಲ್ಲ ಯಂತ್ರದೊಳಗೆ ಹೋಗಿ ತೊಳೆದು ಬರುವವರೆಗೆ ಸೀಲಿಂಗ್ ನೋಡುತ್ತಿರಬೇಕು. ಮತ್ತೆ ಬಸ್ಸು. ಮರುದಿನ ಪೂರ್ತಿ ಮೈಯಲ್ಲಿ ಜೀವವಿರುವುದಿಲ್ಲ. ಸ್ವಲ್ಪ ಚೇತರಿಸಿಕೊಂಡೆ ಅನ್ನುವಷ್ಟರಲ್ಲಿ ಮತ್ತೆ ಹೋಗುವ ದಿನ ಬಂದಿರುತ್ತದೆ. ಎಲ್ಲಕ್ಕಿಂತ ಕಷ್ಟ ಬಾಯಾರಿಕೆ. ನಾವು ನೀರು ಅಳೆದು ಕುಡಿಯಬೇಕು. ಆಷಾಢದಲ್ಲಿ ನಮ್ಮ ಕಡೆ ಮಳೆ ಹೇಗೆ ಹೊಡೆಯುತ್ತದೆ ಎಂದು ನಿಮಗೆ ಗೊತ್ತು. ಬಸ್ಸಿನ ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿರುತ್ತದೆ, ರಸ್ತೆಯ ಎರಡೂ ಬದಿ ಚರಂಡಿ ತುಂಬಿ ಓಡುತ್ತಿರುತ್ತದೆ. ಒಳಗೆ ನಾನು ಒಣಗಿದ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡು ಕೂತಿರುತ್ತಿದ್ದೆ.

ಡಯಾಲಿಸಿಸ್ ಹಾಲ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಗೋಡೆಯ ಮೇಲ್ಭಾಗದಲ್ಲಿ ಎರಡು ಸಣ್ಣ ಕಿಟಕಿ, ಅವಕ್ಕೂ ಕಪ್ಪು ಹಾಳೆ ಅಂಟಿಸಿದ್ದರು. ಯಂತ್ರ ನೋಡಿಕೊಳ್ಳಲು ಸುನಿಲ ಎಂಬ ಟೆಕ್ನಿಷಿಯನ್ ಇದ್ದ. ಜೊತೆಗೆ ಒಬ್ಬರು ಸಿಸ್ಟರ್, ಒಬ್ಬಳು ಆಯಾ. ನನ್ನದು ಮೂಲೆಯ ಹಾಸಿಗೆ. ನನ್ನ ಪಕ್ಕದ ಹಾಸಿಗೆ ಸಿಂಚನಳದು.

ಸಿಂಚನ ಸಂಸೆಯ ಹುಡುಗಿ. ಹನ್ನೆರಡು ವರ್ಷವಾಗಿದ್ದರೂ ಎಂಟು ವರ್ಷದವಳ ಹಾಗೆ ಕಾಣುತ್ತಿದ್ದಳು. ಹುಟ್ಟಿನಿಂದಲೇ ಕಿಡ್ನಿಯಲ್ಲಿ ತೊಂದರೆಯಿತ್ತಂತೆ, ಗೊತ್ತಾದದ್ದು ತಡವಾಗಿ. ಅಷ್ಟು ದೂರದಿಂದ ವಾರಕ್ಕೆ ಮೂರು ಸಲ ಬಂದುಹೋಗುವುದು ಆಗದ ಮಾತು ಎಂದು ಅವಳ ತಾಯಿ ಜಯಂತಿ ಚಿಕ್ಕಮಗಳೂರಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಉಳಿದ ದಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಂದೆ ಊರಿನಲ್ಲಿ ಜೀಪು ಓಡಿಸುತ್ತಿದ್ದ, ಬಿಡುವಾದಾಗ ಬಂದು ನೋಡಿಕೊಂಡು ಹೋಗುತ್ತಿದ್ದ.

ನಾನು ಅಲ್ಲಿಗೆ ಹೋಗಲು ಶುರುಮಾಡಿದ ಹೊಸತರಲ್ಲಿ, ಸೂಜಿ ಹಾಕುವಾಗ ನರಳಿದ್ದು ಕೇಳಿ ಆ ಹುಡುಗಿ ಪಕ್ಕದಿಂದ ಹೇಳಿದಳು, “ಮಾಮ, ಸೂಜಿ ನೋಡ್ಬೇಡಿ. ಸುನಿಲಣ್ಣನ ಮೀಸೆ ನೋಡಿ. ನಗು ಬರುತ್ತೆ.” ಸುನಿಲ ಆಗಷ್ಟೇ ಮೀಸೆ ಬಿಡಲು ಶುರುಮಾಡಿದ್ದ. ಅವನೂ ನಕ್ಕ. ಅವಳಿಗೆ ನಾನು ಅವತ್ತಿನಿಂದ ರೈಟರ್ ಮಾಮನಾದೆ.

ಯಂತ್ರ ಶುರುವಾದ ಮೇಲೆ ಅವಳು ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದಳು. ತಾಯಿಯ ಹತ್ತಿರ ಎಂದುಕೊಂಡಿದ್ದೆ. ಒಂದು ದಿನ ತಾಯಿ ಹೊರಗೆ ಔಷಧಿ ತರಲು ಹೋದಾಗಲೂ ಮಾತು ನಡೆದೇ ಇತ್ತು.

“ಯಾರ ಹತ್ರ ಮಾತಾಡ್ತಾ ಇದ್ದೀಯ ಮಗಾ?” ಎಂದೆ.

“ಚೌಡಮ್ಮನ ಹತ್ರ.”

ಒಳಗೆ ಬಂದ ಜಯಂತಿಗೆ ನಾಚಿಕೆಯಾಯಿತು. “ಅವಳ ಅಜ್ಜಿ ಹಚ್ಚಿಟ್ಟ ಹುಚ್ಚು ರೈಟ್ರೇ. ನಮ್ಮನೆ ಕೆಳಗೆ ಹಲಸಿನ ಮರದ ಬುಡದಲ್ಲಿ ಚೌಡಿ ಕಲ್ಲಿದೆ. ಇವಳು ಸಣ್ಣವಳಿದ್ದಾಗ ಆಟ ಆಡಿದ್ದೆಲ್ಲ ಅಲ್ಲೇ. ಅಜ್ಜಿ ತೀರಿಕೊಂಡ ಮೇಲೂ ಬಿಟ್ಟಿಲ್ಲ. ಚೌಡಿ ಇಲ್ಲಿಗೂ ಬರ್ತಾಳಂತೆ, ಬಸ್ಸಲ್ಲಿ!”

ನಮ್ಮ ತೋಟದಲ್ಲೂ ಅಂಥ ಕಲ್ಲು ಇತ್ತು. ಮಲೆನಾಡಿನಲ್ಲಿ ಎಲ್ಲ ಕಡೆಯೂ ಇರುತ್ತದೆ. ತೋಟವನ್ನೂ ದನಕರುವನ್ನೂ ಕಾಯುವವಳು ಎಂದು ವರ್ಷಕ್ಕೊಮ್ಮೆ ಕೋಳಿ ಕೊಟ್ಟು ಪೂಜೆ ಮಾಡುತ್ತಾರೆ, ಉಳಿದ ದಿನ ಆ ಕಡೆ ಹೋಗಲು ಹೆದರುತ್ತಾರೆ. ಚೌಡಿಯನ್ನು ಕಂಡರೆ ಹೆದರುವವರನ್ನು ಬೇಕಾದಷ್ಟು ನೋಡಿದ್ದೆ. ಅವಳ ಜೊತೆ ಹೀಗೆ ಪಕ್ಕದ ಮನೆಯವಳ ಜೊತೆ ಮಾತಾಡಿದ ಹಾಗೆ ಮಾತಾಡುವವರನ್ನು ನೋಡಿದ್ದು ಅದೇ ಮೊದಲು.

ಹಾಲಿನ ಇನ್ನೊಂದು ತುದಿಯಲ್ಲಿ ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ಮಲಗುತ್ತಿದ್ದರು. ನಾವೆಲ್ಲ ಗೌಡರು ಎನ್ನುತ್ತಿದ್ದೆವು. ದೊಡ್ಡ ಆಳು, ದೊಡ್ಡ ದನಿ. ಡ್ರೈವರ್ ಕಾರಿನಲ್ಲಿ ಕರೆತಂದು ಬಿಟ್ಟು ಹೊರಗೆ ಕಾಯುತ್ತಿದ್ದ. ಸಿಸ್ಟರ್ ಮೇಲೆ ರೇಗುವುದು, ಸುನಿಲನನ್ನು ಬೈಯುವುದು, ಅದು ಬಿಟ್ಟರೆ ಗೋಡೆಗೆ ಮುಖ ಮಾಡಿ ಮಲಗುವುದು, ಇಷ್ಟೇ. ಅವರ ಕಿವಿಗೂ ಚೌಡಿಯ ವಿಷಯ ಬಿತ್ತು. ಒಂದು ದಿನ ಅಲ್ಲಿಂದಲೇ ಕೂಗಿದರು.

“ಏ ಹುಡ್ಗೀ, ನಿನ್ನ ಚೌಡಿ ಅಷ್ಟು ಗಟ್ಟಿಗಿತ್ತಿ ಆದ್ರೆ ನಿನ್ನನ್ಯಾಕೆ ಇಲ್ಲಿ ತಂದು ಮಲಗ್ಸಿದಾಳೆ?”

ಜಯಂತಿ ತಲೆ ತಗ್ಗಿಸಿದಳು. ಸಿಂಚನ ಮಾತ್ರ, ಸ್ಕೂಲಿನಲ್ಲಿ ಗೊತ್ತಿರುವ ಪ್ರಶ್ನೆ ಕೇಳಿದ ಹಾಗೆ, ಕೂಡಲೇ ಹೇಳಿದಳು, “ಅವಳೇನು ಡಾಕ್ಟ್ರಾ ಗೌಡ್ರಜ್ಜ? ಗುಣ ಮಾಡೋಕೆ ಡಾಕ್ಟ್ರು ಇದಾರಲ್ಲ. ಅವಳು ಜೊತೆಗಿರ್ತಾಳೆ ಅಷ್ಟೇ. ನಿಮ್ ಜೊತೆ ಯಾರೂ ಬರಲ್ವಾ?”

ಗೌಡರು ಗೋಡೆಯ ಕಡೆ ತಿರುಗಿಕೊಂಡರು. ಮುಂದಿನ ಸಲ ಬಂದಾಗ ಸೂಜಿ ಹಾಕಿಸಿಕೊಂಡ ಮೇಲೆ ಗಂಟಲು ಸರಿಮಾಡಿಕೊಂಡು, “ಬಂದಿದಾಳೇನೇ ನಿನ್ನ ಚೌಡಿ?” ಎಂದರು. ತಮಾಷೆ ಮಾಡಲು ಹೊರಟಿದ್ದರೋ ಏನೋ.

“ಬಂದಿದಾಳೆ. ನಿಮ್ಮ ಕಾಲ ಹತ್ರ ಕೂತಿದಾಳೆ.”

ಗೌಡರು ತಟ್ಟನೆ ಎರಡೂ ಕಾಲು ಮಡಚಿಕೊಂಡರು. ಇಡೀ ಹಾಲ್ ನಕ್ಕಿತು. ಆ ಮನುಷ್ಯ ನಕ್ಕದ್ದನ್ನು ನಾವೆಲ್ಲ ಮೊದಲ ಸಲ ನೋಡಿದೆವು.

ಆಮೇಲೆ ಅಲ್ಲಿನ ಗಾಳಿಯೇ ಬೇರೆಯಾಯಿತು. ನಮ್ಮಲ್ಲಿ ಒಬ್ಬ ಟೈಲರ್ ಇದ್ದ, ಪ್ರತಿ ಸಲವೂ ಪೂರ್ತಿ ಮುಗಿಯುವ ಮೊದಲೇ ಸೂಜಿ ತೆಗೆಯಿರಿ ಎಂದು ಜಗಳ ತೆಗೆಯುತ್ತಿದ್ದ. ಸಿಂಚನ ಅವನಿಗೆ, “ಚೌಡಮ್ಮನೇ ಇನ್ನೂ ಎದ್ದಿಲ್ಲ, ನೀವ್ಯಾಕೆ ಏಳ್ತೀರಿ?” ಅನ್ನುವಳು. ಅವನು ಗೊಣಗುತ್ತಲೇ ಮಲಗುವನು. ತಪ್ಪಿಸಿಕೊಳ್ಳುತ್ತಿದ್ದವರು ತಪ್ಪದೆ ಬರತೊಡಗಿದರು. ಯಾರಿಗೂ ಚೌಡಿಯಲ್ಲಿ ನಂಬಿಕೆ ಹುಟ್ಟಿರಲಿಲ್ಲ. ಆದರೆ ಅಷ್ಟು ಕಾಯಿಲೆಯ ಒಂದು ಮಗು ಅಷ್ಟು ನಿಶ್ಚಿಂತೆಯಿಂದ ಮಲಗಿರುವುದನ್ನು ನೋಡಿದರೆ ಎದ್ದು ಹೋಗುವುದು ಕಷ್ಟವಾಗುತ್ತಿತ್ತು.

ನನ್ನ ವಿಷಯ ಹೇಳಬೇಕೆಂದರೆ, ನನಗೆ ಅದು ಅಷ್ಟಾಗಿ ತಾಗಲಿಲ್ಲ. ಹುಡುಗಿ ಎಂದರೆ ಇಷ್ಟವಿತ್ತು, ನಗುತ್ತಿದ್ದೆ, ಆದರೆ ಒಳಗಿನ ದಣಿವು ಹಾಗೇ ಇತ್ತು. ಒಮ್ಮೆ ಕೇಳಿದೆ, “ನಿಂಗೆ ಸುಸ್ತಾಗಲ್ವಾ ಸಿಂಚನ?”

“ಆಗುತ್ತೆ ಮಾಮ. ತುಂಬಾ ಆಗುತ್ತೆ.” ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಹೇಳಿದಳು, “ಸುಸ್ತಾದ್ರೂ ಹೆದ್ರಿಕೆ ಆಗಲ್ಲ. ಎರಡೂ ಒಟ್ಟಿಗೆ ಆದ್ರೆ ಕಷ್ಟ ಅಲ್ವಾ?”

ನನಗೆ ಹೆದರಿಕೆಯೂ ಮುಗಿದುಹೋಗಿತ್ತು. ಮಳೆಗಾಲ ಹಿಡಿದುಕೊಂಡ ಮೇಲೆ ಒಂದು ಬೆಳಿಗ್ಗೆ ಶಾರದಳಿಗೆ ಹೇಳಿಯೇಬಿಟ್ಟೆ, “ಸಾಕು ಕಣೇ. ಇನ್ನು ಹೋಗಲ್ಲ. ಎಷ್ಟು ದಿನ ಆಗುತ್ತೋ ಅಷ್ಟು ದಿನ.” ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡಲಿಲ್ಲ. “ನಿಮ್ಮಿಷ್ಟ” ಎಂದಳು. ರೊಟ್ಟಿ ಬೇಯಿಸಿ ಡಬ್ಬಿಗೆ ಹಾಕಿದಳು, ನನ್ನ ಚೀಲದಲ್ಲಿ ಹೊದಿಕೆ ಇಟ್ಟಳು, ಛತ್ರಿ ತಂದು ಬಾಗಿಲಿಗೆ ಆನಿಸಿದಳು. ಜಗಳವಾಡಿದ್ದರೆ ಮನೆಯಲ್ಲೇ ಉಳಿಯುತ್ತಿದ್ದೆನೇನೋ. ಆ ಛತ್ರಿ ನೋಡಿ ಎದ್ದು ಹೊರಟೆ. ಇದು ಕೊನೆಯದು ಎಂದು ಮನಸ್ಸಿನಲ್ಲಿ ಅಂದುಕೊಂಡೇ ಹೊರಟೆ.

ಅವತ್ತು ಗಾಳಿ ವಿಪರೀತ. ದಾರಿಯಲ್ಲಿ ಒಂದು ಸಿಲ್ವರ್ ಓಕ್ ಮರ ಅಡ್ಡ ಬಿದ್ದು, ಅದನ್ನು ಕಡಿದು ಸರಿಸುವವರೆಗೆ ಬಸ್ಸು ನಿಂತಿತು. ಆಸ್ಪತ್ರೆಗೆ ಹೋಗುವಾಗ ತಡವಾಗಿತ್ತು. ಗಾಳಿಮಳೆಗೆ ಉಳಿದವರು ಬರಲಾಗದೆ ಅವತ್ತು ಹಾಲಿನಲ್ಲಿ ಗೌಡರು, ಸಿಂಚನ, ನಾನು ಮೂವರೇ. ಸಿಂಚನಳಿಗೆ ಆಗಲೇ ಯಂತ್ರ ಹಾಕಿದ್ದರು. ಹಿಂದಿನ ದಿನ ಅವಳ ಕೊನೆಯ ಹಾಲುಹಲ್ಲು ಬಿದ್ದು ಒಸಡಿನಲ್ಲಿ ರಕ್ತ ನಿಂತಿರಲಿಲ್ಲ. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲು ನಮಗೆಲ್ಲ ಒಂದು ಔಷಧಿ ಕೊಡುತ್ತಾರೆ, ಅವತ್ತು ಅವಳಿಗೆ ಅದನ್ನು ಕೊಟ್ಟಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಹತ್ತಿ ಕಚ್ಚಿಕೊಂಡೇ ನನ್ನನ್ನು ನೋಡಿ ಕೈಬೀಸಿದಳು.

ನನ್ನದು ಅರ್ಧ ಮುಗಿದಿರಬಹುದು. ಆವರೆಗೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಹೋದಾಗಲೆಲ್ಲ ಜನರೇಟರ್ ಹಿಡಿದುಕೊಳ್ಳುತ್ತಿತ್ತು. ಒಮ್ಮೆ ಕರೆಂಟು ಹೋಯಿತು, ಜನರೇಟರ್ ಶುರುವಾಯಿತು, ಕೆಮ್ಮಿದ ಹಾಗೆ ಶಬ್ದ ಮಾಡಿ ನಿಂತೇಹೋಯಿತು. ಹಾಲ್ ಪೂರ್ತಿ ಕತ್ತಲಾಯಿತು. ಯಂತ್ರಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಅವುಗಳ ಬ್ಯಾಟರಿ ಹಳೆಯವು. ಒಂದೊಂದಾಗಿ ದನಿ ಕುಂದಿ ಸುಮ್ಮನಾದವು.

ಇಂಥ ಹೊತ್ತಿನಲ್ಲಿ ಏನಾಗುತ್ತದೆ ಎಂದು ಹೇಳಬೇಕು. ಮೈಯಿಂದ ಹೊರಬಂದ ರಕ್ತ ಕೊಳವೆಗಳಲ್ಲೇ ನಿಂತುಬಿಡುತ್ತದೆ. ಬೇಗ ಮೈಗೆ ವಾಪಸು ಕಳಿಸದಿದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ, ಅಷ್ಟೂ ರಕ್ತ ಹಾಳು. ಗಟ್ಟಿ ಮೈಯವರು ತಡೆದುಕೊಳ್ಳಬಹುದು, ನಮ್ಮಂಥವರಿಗೆ ಅದು ಸಣ್ಣ ನಷ್ಟವಲ್ಲ. ವಾಪಸು ಕಳಿಸಲು ಯಂತ್ರದ ಪಂಪನ್ನು ಒಂದು ಹಿಡಿಕೆ ಸಿಕ್ಕಿಸಿ ಕೈಯಿಂದ ತಿರುಗಿಸಬೇಕು. ನನ್ನ ಯಂತ್ರದ ಹಿಡಿಕೆ ಮುರಿದು ಬಹಳ ದಿನವಾಗಿತ್ತು. ಬೇಕಾದರೆ ಬೇರೆ ಯಂತ್ರದ್ದನ್ನು ತರುತ್ತೇನೆ ಎಂದು ಸುನಿಲ ಹೇಳುತ್ತಿದ್ದ.

ಸುನಿಲ ಮೊದಲು ಓಡಿದ್ದು ಸಿಂಚನಳ ಹತ್ತಿರ. ಔಷಧಿ ಇಲ್ಲದ್ದರಿಂದ ಅವಳ ರಕ್ತವೇ ಮೊದಲು ಕಟ್ಟುತ್ತದೆ, ಅವನು ಮಾಡಿದ್ದು ಸರಿ. ಜಯಂತಿ ಮೊಬೈಲಿನ ಬೆಳಕು ಹಿಡಿದಳು. ನಮ್ಮಿಬ್ಬರ ಹಾಸಿಗೆಯ ನಡುವಿನ ಪರದೆಯ ಮೇಲೆ ಅವರ ನೆರಳು ಕಾಣುತ್ತಿತ್ತು. ಸಿಸ್ಟರ್ ಆ ತುದಿಯಲ್ಲಿ ಗೌಡರ ಯಂತ್ರ ತಿರುಗಿಸುತ್ತಿದ್ದರು, ಅವರ ಏದುಸಿರು ಇಲ್ಲಿಗೆ ಕೇಳುತ್ತಿತ್ತು. ಜನರೇಟರ್‌ನವನನ್ನು ಕರೆದುಕೊಂಡು ಬಾ ಎಂದು ಅವರು ಆಯಾಳನ್ನು ಹೊರಗೆ ಕಳಿಸಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ. ನನ್ನ ಮೂಲೆಗೆ ಯಾರೂ ಬರಲಿಲ್ಲ. ಬರಲು ಯಾರೂ ಇರಲೂ ಇಲ್ಲ.

ನಾನು ಕೂಗಬಹುದಿತ್ತು. ಕೂಗಲಿಲ್ಲ. ಮೈ ತಣ್ಣಗಾಗುತ್ತಿತ್ತು, ಬಿ.ಪಿ. ಇಳಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಆದರೆ ಮನಸ್ಸಿಗೆ ಎಷ್ಟು ನಿರಾಳವಾಯಿತೆಂದರೆ, ಬೆಳಿಗ್ಗೆಯಿಂದ ಹೊತ್ತು ತಂದ ಮೂಟೆಯನ್ನು ಯಾರೋ ಇಳಿಸಿದ ಹಾಗೆ. ತಾನಾಗಿಯೇ ಮುಗಿಯುತ್ತಿದೆ, ಮುಗಿಯಲಿ, ಅನ್ನಿಸಿತು.

ಆಗ ಯಾರೋ ಬಂದರು.

ಗೋಡೆಗೂ ಯಂತ್ರಕ್ಕೂ ನಡುವಿನ ಸಂದಿಯಲ್ಲಿ ಒಬ್ಬ ಹೆಂಗಸು ನನಗೆ ಬೆನ್ನು ಮಾಡಿ ನಿಂತಿದ್ದಳು. ಗಿಡ್ಡ ಆಳು. ಮಳೆಯಲ್ಲಿ ಕೆಲಸಕ್ಕೆ ಬರುವ ನಮ್ಮ ತೋಟದ ಹೆಂಗಸರ ಹಾಗೆ ತಲೆಗೆ ಬಟ್ಟೆ ಕಟ್ಟಿದ್ದಳು. ಆಯಾ ವಾಪಸು ಬಂದಳು ಎಂದುಕೊಂಡೆ. ಅವಳ ಮೈಯಿಂದ ಒದ್ದೆ ತರಗೆಲೆಯ ವಾಸನೆ ಬರುತ್ತಿತ್ತು. ಆಸ್ಪತ್ರೆಯ ಫಿನಾಯಿಲ್ ವಾಸನೆಯ ನಡುವೆ ಅದು ಬೇರೆಯಾಗಿಯೇ ತಿಳಿಯುತ್ತಿತ್ತು. ಪಂಪು ತಿರುಗುವ ಶಬ್ದ ಶುರುವಾಯಿತು. ಟಕ್, ಟಕ್, ಟಕ್. ಗಡಿಬಿಡಿಯಿಲ್ಲದೆ, ಒಂದೇ ಸಮನೆ. ಹಾಲು ಕರೆಯುವಾಗ ಹಸುವಿಗೆ ಹೇಳುವ ಹಾಗೆ ಅವಳು ಮೆಲ್ಲಗೆ, “ಆಯ್ತು… ಆಯ್ತು…” ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಕೈಯೊಳಗೆ ತಂಪು ಏರತೊಡಗಿತು. ರಕ್ತದ ಹಿಂದೆ ಸಲೈನ್ ಬರುವಾಗ ಹಾಗಾಗುತ್ತದೆ. ಆ ತಂಪು ನನಗೆ ಚೆನ್ನಾಗಿ ಪರಿಚಯ, ಅದರಲ್ಲಿ ನಾನು ತಪ್ಪುವವನಲ್ಲ.

“ನಂದು ಇರ್ಲಿ ಬಿಡಮ್ಮ. ಆ ಮಗೂನ ನೋಡು” ಎಂದೆ.

ಅವಳು ತಿರುಗಲಿಲ್ಲ. ಕೈಯೂ ನಿಲ್ಲಲಿಲ್ಲ.

“ಅವಳೇ ಕಳ್ಸಿದ್ದು” ಎಂದಳು.

ನಾನು ಕಣ್ಣು ಮುಚ್ಚಿದೆ. ನಿಜ ಹೇಳಬೇಕೆಂದರೆ ಆಗ ನನಗೆ ಆಶ್ಚರ್ಯವೂ ಆಗಲಿಲ್ಲ. ಅಷ್ಟು ಸುಸ್ತಾಗಿತ್ತು.

ದೀಪ ಬಂದಾಗ ಸುನಿಲ ಒಂದು ಹಿಡಿಕೆ ಹಿಡಿದು ನನ್ನ ಹತ್ತಿರ ಓಡಿ ಬರುತ್ತಿದ್ದ. ಮುಖದ ತುಂಬ ಬೆವರು. “ಸಾರಿ ರೈಟ್ರೇ, ಸಾರಿ…” ಎನ್ನುತ್ತ ಬಂದವನು ಅಲ್ಲೇ ನಿಂತ. ನನ್ನ ಕೊಳವೆಗಳಲ್ಲಿ ರಕ್ತವೇ ಇರಲಿಲ್ಲ. ತಿಳಿ ಸಲೈನ್ ತುಂಬಿತ್ತು. ಮುಚ್ಚಬೇಕಾದ ಕ್ಲಿಪ್ಪುಗಳು ಮುಚ್ಚಿದ್ದವು, ತೆರೆಯಬೇಕಾದ್ದು ತೆರೆದಿತ್ತು.

“ಸಿಸ್ಟರ್, ನೀವು ಮಾಡಿದ್ರಾ ಇದನ್ನ?”

“ನಾನೆಲ್ಲಿ? ಇಲ್ಲಿಂದ ಕದಲಿಲ್ಲ ಮಾರಾಯ. ನೀನೇ ಮಾಡಿದೆ ಅಂದ್ಕೊಂಡೆ.”

“ಆಯಾ ಬಂದಿದ್ದಳಲ್ಲ” ಎಂದೆ ನಾನು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಆಯಾ ಒಳಗೆ ಬಂದಳು. ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಅಲ್ಲಿಯವರೆಗೂ ಜನರೇಟರ್ ಶೆಡ್ಡಿನಲ್ಲೇ ಇದ್ದಳಂತೆ. ಜೊತೆಗೇ ಬಂದ ಮೆಕ್ಯಾನಿಕ್ ಹೌದೆಂದ. ಅವಳು ಎತ್ತರದ ಹೆಂಗಸು. ಅದು ನನಗೆ ಹೊಳೆದದ್ದೂ ಆಗಲೇ.

ಸುನಿಲ ನನ್ನ ಯಂತ್ರದ ಮುರಿದ ಹಿಡಿಕೆಯ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದ.

ಪರದೆಯ ಆ ಕಡೆ ಸಿಂಚನಳಿಗೆ ಅದೃಷ್ಟವಿರಲಿಲ್ಲ. ಸುನಿಲ ಎಷ್ಟು ತಿರುಗಿಸಿದರೂ ಕೊಳವೆಯಲ್ಲಿ ರಕ್ತ ಗಟ್ಟಿಯಾಗಿತ್ತು, ಎಲ್ಲವನ್ನೂ ತೆಗೆದು ಬಿಸಾಡಬೇಕಾಯಿತು. ಆ ಸಣ್ಣ ಮೈಗೆ ಅದು ದೊಡ್ಡ ನಷ್ಟ. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಪರದೆ ಸರಿಸಿದಾಗ ತಲೆಯನ್ನು ನನ್ನ ಕಡೆ ಹೊರಳಿಸಿದಳು. ನಾನು ಇನ್ನೂ ಯಾರಿಗೂ ಏನೂ ಹೇಳಿರಲಿಲ್ಲ.

“ಬಂದ್ಲಾ ಮಾಮ?”

“ಯಾರು?”

“ಚೌಡಮ್ಮ. ನಾನೇ ಹೋಗು ಅಂದೆ. ನಂಗೆ ಸುನಿಲಣ್ಣ ಇದ್ರು, ಅಮ್ಮ ಇದ್ಲು. ನಿಮ್ಮ ಹತ್ರ ಯಾರೂ ಇರ್ಲಿಲ್ವಲ್ಲ.”

ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಅವಳಿಗೆ ರಕ್ತ ಕೊಡಬೇಕಾಯಿತು. ಗೌಡರ ಡ್ರೈವರ್‌ನದು ಹೊಂದಿತು, ಅವನೇ ಕೊಟ್ಟ. ಅವಳನ್ನು ವಾರ್ಡಿಗೆ ಸಾಗಿಸುವವರೆಗೆ ಗೌಡರು ಮನೆಗೆ ಹೋಗದೆ ಬೆಂಚಿನ ಮೇಲೆ ಕೂತಿದ್ದರು.

ಮನೆಗೆ ಬಂದವನು ಶಾರದಳಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ಹಂಗಾದ್ರೆ ಮುಂದಿನ ಸಲ ಹೋಗ್ತೀರಲ್ಲ?” ಎಂದಳು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ನಾನು ಹೋದೆ. ನಂಬಿಕೆ ಬಂತು ಎಂದಲ್ಲ. ತನ್ನ ಜೊತೆಗಿದ್ದವಳನ್ನು ನನಗೆ ಬಿಟ್ಟುಕೊಟ್ಟ ಹುಡುಗಿ ಪಕ್ಕದ ಹಾಸಿಗೆಯಲ್ಲಿ ಮಲಗಿ, ನನ್ನ ಹಾಸಿಗೆ ಖಾಲಿ ಇರುವುದನ್ನು ನೋಡಬಾರದು ಅನ್ನಿಸಿತು. ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ಬೇಕಾದಷ್ಟು ಯೋಚಿಸಿದ್ದೇನೆ. ಬಿ.ಪಿ. ಇಳಿದಾಗ ಮನುಷ್ಯನಿಗೆ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದರು. ಸರಿ. ಪರದೆಯಾಚೆ ಸಿಂಚನ ಆಡಿದ ಮಾತೇ ಆ ಹೆಂಗಸಿನ ಬಾಯಲ್ಲಿ ಕೇಳಿಸಿರಬಹುದು. ಅದೂ ಸರಿ. ಗಾಬರಿಯಲ್ಲಿ ಸುನಿಲನೋ ಸಿಸ್ಟರೋ ತಾವೇ ಬಂದು ಮಾಡಿ ಮರೆತಿರಬಹುದು ಎಂದೂ ಅಂದುಕೊಂಡೆ. ಒಮ್ಮೆ ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ಸುನಿಲನನ್ನು ಒಬ್ಬನೇ ಹಿಡಿದು ಕೇಳಿದೆ. “ಆ ವಿಷ್ಯ ಬಿಡಿ ರೈಟ್ರೇ” ಎಂದ. “ಆವತ್ತು ನಾನು ನಿಮ್ಮ ಪಂಪ್ ಮುಟ್ಟಿಲ್ಲ. ಹಿಡಿಕೆ ಇಲ್ದೆ ಅದು ತಿರುಗಲ್ಲ. ಇಷ್ಟು ಗೊತ್ತು, ಇದಕ್ಕಿಂತ ಜಾಸ್ತಿ ಯೋಚ್ನೆ ಮಾಡಿದ್ರೆ ನಂಗೆ ಆ ಹಾಲಲ್ಲಿ ಕೆಲ್ಸ ಮಾಡೋಕಾಗಲ್ಲ.” ಕಾಡುಕುರಿಯ ಹಾಗೆ ಇದಕ್ಕೂ ಏನಾದರೂ ಸಿಕ್ಕೀತು ಎಂದು ಕಾದೆ. ಸಿಗಲಿಲ್ಲ.

ಜಯಂತಿಯ ಕಿಡ್ನಿ ಮಗಳಿಗೆ ಹೊಂದುತ್ತದೆ ಎಂದು ಗೊತ್ತಾಯಿತು. ಮಂಗಳೂರಿನಲ್ಲಿ ಆಪರೇಷನ್ ಎಂದು ನಿರ್ಧಾರವಾಯಿತು. ಹೊರಡುವ ದಿನ ಸಿಂಚನ ಎಲ್ಲರ ಹಾಸಿಗೆಗೂ ಬಂದು ಹೇಳಿಹೋದಳು. ಗೌಡರು ಅವಳ ತಲೆಯ ಮೇಲೆ ಕೈಯಿಟ್ಟು, “ಚೌಡೀನ ಕರ್ಕೊಂಡು ಹೋಗೇ, ಇಲ್ಲಿ ಬಿಟ್ಟು ಹೋಗ್ಬೇಡ” ಎಂದರು. ಅವಳು ನಕ್ಕಳು. ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲಿನ ತುದಿ ಕಾಣುತ್ತಿತ್ತು.

ಆಪರೇಷನ್ ಆಗಲಿಲ್ಲ. ಅದಕ್ಕೆ ಮೊದಲೇ ಜ್ವರ ಹಿಡಿಯಿತು, ಅದು ಎದೆಗಿಳಿಯಿತು. ಅವಳು ತೀರಿಕೊಂಡ ಸುದ್ದಿಯನ್ನು ಸುನಿಲ ನಮಗೆ ಹೇಳಿದಾಗ ನಾವೆಲ್ಲ ಯಂತ್ರಕ್ಕೆ ಕಟ್ಟಿಕೊಂಡು ಮಲಗಿದ್ದೆವು. ಎದ್ದು ಹೊರಗೆ ಹೋಗಿ ಅಳುವ ಹಾಗೂ ಇರಲಿಲ್ಲ. ಟೈಲರ್ ಅವತ್ತು ಬೇಗ ತೆಗೆಯಿರಿ ಎನ್ನಲಿಲ್ಲ. ಕೆಲವು ವಾರಗಳ ನಂತರ ಹೊಸ ಪೇಷೆಂಟ್ ಒಬ್ಬ ಸೂಜಿ ಕಂಡು ಅತ್ತಾಗ, ಗೌಡರು ಅಲ್ಲಿಂದಲೇ ತಮ್ಮ ದೊಡ್ಡ ದನಿಯಲ್ಲಿ, “ಸುಸ್ತಾಗ್ಲಿ ತಮ್ಮಾ, ಹೆದರ್ಕೋಬೇಡ. ಎರಡೂ ಒಟ್ಟಿಗೆ ಬೇಡ” ಎಂದರು. ಸಿಂಚನ ಆ ಮಾತನ್ನು ಅವರಿಗೂ ಹೇಳಿದ್ದಳೆಂದು ನನಗೆ ಗೊತ್ತಾದದ್ದು ಆಗ.

ಮಳೆ ಕಳೆದ ಮೇಲೆ, ಡಯಾಲಿಸಿಸ್ ಇಲ್ಲದ ಒಂದು ದಿನ ಶಾರದಳ ಜೊತೆ ಸಂಸೆಗೆ ಹೋದೆ. ಕಳಸದವರೆಗೆ ಬಸ್ಸು, ಅಲ್ಲಿಂದ ಸಿಂಚನಳ ತಂದೆಯೇ ಜೀಪು ತಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವನು ರಸ್ತೆಯ ಗುಂಡಿಗಳ ವಿಷಯ ಮಾತ್ರ ಮಾತಾಡಿದ.

ಜಯಂತಿ ಬಹಳ ಇಳಿದುಹೋಗಿದ್ದಳು. ಕಾಫಿ ಕೊಟ್ಟಳು, ನನ್ನ ಲೋಟಕ್ಕೆ ಎರಡೇ ಗುಟುಕು ಹಾಕಿದಳು. ಅದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಅಂಗಳದ ತುದಿಯಿಂದ ಕೆಳಗೆ ಇಳಿಜಾರು, ಅದರ ಆಚೆ ಹಲಸಿನ ಮರದ ತಲೆ ಕಾಣುತ್ತಿತ್ತು. ಅಲ್ಲಿಗೆ ಹೋಗಿ ಬರಬೇಕೆಂದೇ ನಾನು ಬಂದದ್ದು. ಆದರೆ ಆ ಕಡಿದಾದ ದಾರಿ ನೋಡಿದ ಕೂಡಲೇ ಇಳಿದರೆ ಹತ್ತಲಾಗುವುದಿಲ್ಲ ಎಂದು ಗೊತ್ತಾಯಿತು. ಜಗಲಿಯ ಮೇಲೇ ಕೂತೆ.

“ನಾನೂ ಹೋಗಿಲ್ಲ ರೈಟ್ರೇ, ಅವಳು ಹೋದ ಮೇಲೆ” ಎಂದಳು ಜಯಂತಿ. “ದೀಪ ಇಟ್ಟಿಲ್ಲ. ನಂಗೆ ಸಿಟ್ಟಿದೆ.”

ಶಾರದ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಬದಿಗಿಟ್ಟಳು.

ಜಯಂತಿ ನನ್ನ ಕಡೆ ನೋಡದೆ ಕೇಳಿದಳು, “ಆವತ್ತು ಕರೆಂಟು ಹೋದ ದಿನ… ನಿಜವಾಗ್ಲೂ ಯಾರಾದ್ರೂ ಬಂದಿದ್ರಾ? ಮಗು ಕೊನೆವರೆಗೂ ಅದನ್ನೇ ಹೇಳ್ತಿತ್ತು. ಮಾಮನ ಹತ್ರ ಹೋದ್ಲು, ನಾನು ಕಂಡೆ ಅಂತ. ಸಮಾಧಾನಕ್ಕೆ ಹೂಂ ಅಂತ ಹೇಳ್ಬೇಡಿ ನೀವು. ನೀವು ಅಂಥದ್ದನ್ನ ನಂಬೋರಲ್ಲ ಅಂತ ನಂಗೊತ್ತು. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ.”

ಶಾರದ ನನ್ನ ಮುಖ ನೋಡಿದಳು. ಬಿ.ಪಿ.ಯ ಮಾತು, ಡಾಕ್ಟರರ ಮಾತು, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು.

“ಬಂದಿದ್ರು ಜಯಂತಿ” ಎಂದೆ. “ಯಾರು ಅಂತ ನಂಗೆ ಗೊತ್ತಿಲ್ಲ. ಮುಖ ನೋಡಿಲ್ಲ. ಆದ್ರೆ ಬಂದಿದ್ದಂತೂ ಹೌದು.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಆಮೇಲೆ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಎಣ್ಣೆಯ ಗಿಂಡಿ, ಬತ್ತಿ, ಬೆಂಕಿಪೊಟ್ಟಣ ಇತ್ತು. ನಮಗೆ ಏನೂ ಹೇಳದೆ ಅಂಗಳ ದಾಟಿ ಇಳಿಜಾರು ಇಳಿದಳು. ಬಹಳ ದಿನ ಯಾರೂ ನಡೆಯದ ದಾರಿ, ಎರಡೂ ಕಡೆ ಗಿಡ ಬೆಳೆದು ಮುಚ್ಚಿಕೊಂಡಿತ್ತು. ಅವಳು ಅದನ್ನು ಸರಿಸಿಕೊಂಡು ಹೋಗುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಇದೆಲ್ಲ ಆಗಿ ವರ್ಷಗಳು ಕಳೆದಿವೆ. ನಾನಿನ್ನೂ ವಾರಕ್ಕೆ ಮೂರು ಸಲ ಅದೇ ಬಸ್ಸು ಹತ್ತುತ್ತೇನೆ. ದಣಿವು ಹೋಗಿಲ್ಲ, ಅದು ಹೋಗುವಂಥದ್ದೂ ಅಲ್ಲ. ದೇವರ ಬಗ್ಗೆ, ಚೌಡಿಯ ಬಗ್ಗೆ ಯಾರಾದರೂ ಕೇಳಿದರೆ ಈಗಲೂ ನನ್ನ ಹತ್ತಿರ ಉತ್ತರವಿಲ್ಲ. ಆ ಮೂಲೆಯಲ್ಲಿ ನಿಂತಿದ್ದ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ. ಜಯಂತಿಗೆ ನಾನು ಹೇಳಿದ್ದು ಸುಳ್ಳಲ್ಲ ಎನ್ನುವುದೊಂದು ಗೊತ್ತು.